ಹಾಯಿಯ ಮಾತು ಆಮೇಲೆ

ನಮ್ಮ ತಾರ್ನ ದೋಣಿ ನೋಡಲು ಬಂದವರೆಲ್ಲ
ಮೊದಲು ಕೂವೆಮರ ತಟ್ಟಿದರು,
ಹಾಯಿಯ ಹೊಲಿಗೆಗೆ ಕಣ್ಣಿಟ್ಟರು,
ಚುಕ್ಕಾಣಿ ಹಿಡಿದು ಫೋಟೋ ತೆಗೆಸಿಕೊಂಡರು.
ಕಕ್ಕಸು ಎಲ್ಲಿ ಎಂದವನು ನೀನೊಬ್ಬನೇ, ಎಲ್ಮೇರಿ.
ಅದೂ ಕಾಲು ಕುಣಿಸುತ್ತ.
ತಡಿ. ಬಂದಿದ್ದೀಯ, ಕೇಳಿಸಿಕೊಂಡೇ ಹೋಗು.
ತಲೆ ಬಗ್ಗಿಸು, ಈ ಬಾಗಿಲಿಗೆ ಉದ್ದನೆಯವರೆಂದರೆ ಸೇರದು.

ಹನ್ನೊಂದು ಬೇಸಿಗೆ ನಮಗಿದ್ದದ್ದು ಒಂದು ಬಕೆಟ್ಟು, ನೀಲಿ.
ಬಕೆಟ್ಟು ಕೆಡುವುದಿಲ್ಲ ಎನ್ನುವುದು ಸ್ತೂರೆಯ ವೇದಾಂತ.
ಕೆಡುವುದಿಲ್ಲ, ನಿಜ; ಮಗುಚುತ್ತದೆ.
ಕೊರ್ಪೊ ದಾಟುವಾಗ ಒಮ್ಮೆ ಮಗುಚಿತು.
ದಡ ಸೇರುವ ತನಕ ನಾನು ತುಟಿ ಬಿಚ್ಚಲಿಲ್ಲ,
ಸೇರಿದವಳೇ ನೆಟ್ಟಗೆ ರೂರಿಕನ ಅಂಗಡಿಗೆ ಹೋದೆ.

ಅಲ್ಲಿ ಮೂರಿದ್ದವು.
ಗುಂಡಿ ಒತ್ತಿದರೆ ಗುರ್ ಎಂದು ನುಂಗುವ ವಿದ್ಯುತ್ತಿನದು,
ಸ್ತೂರೆಗೆ ಅದರ ಮೇಲೇ ಕಣ್ಣು.
ಬ್ಯಾಟರಿ ಸತ್ತ ರಾತ್ರಿ ಯಾವ ಗುಂಡಿ ಒತ್ತುತ್ತೀ ಎಂದೆ.
ಇನ್ನೊಂದು ಒಣದು: ಮುಂದಿನದಕ್ಕೊಂದು ದಾರಿ, ಹಿಂದಿನದಕ್ಕೊಂದು,
ಮೇಲೊಂದು ಹಿಡಿ ಜೌಗುಮಣ್ಣಿನ ಪುಡಿ. ನೀರೂ ಬೇಡ, ನಾತವೂ ಇಲ್ಲ.
ಪರೀಕ್ಷೆಗೆ ಕೂತ ಹಾಗೆ ಗುರಿಯಿಟ್ಟು ಕೂರಬೇಕೇ ಎಂದು ಅವನ ಗೊಣಗು.
(ಒಳ್ಳೆಯದೇ ಅದು. ಬೇಕಾದರೆ ನೀನು ಹಾಕಿಸಿಕೋ.)
ಕೊನೆಗೆ ತಂದದ್ದು ಈ ಕೈಪಂಪಿನದು, ಪಿಂಗಾಣಿ,
ಶಿಶುವಿಹಾರದಿಂದ ಕದ್ದು ತಂದಂತಿದೆ, ಅಳತೆ ನೋಡು.

ಈ ಹಿಡಿ ಸಮುದ್ರವನ್ನು ಒಳಕ್ಕೆ ಬಿಡುತ್ತದೆ. ಎದ್ದ ಮೇಲೆ ಮುಚ್ಚು.
ಮರೆತು ಮಲಗಿದವರ ಹಾಸಿಗೆ ಬೆಳಿಗ್ಗೆ ತೇಲುತ್ತಿರುತ್ತದೆ.
ಆ ಹಿಡಿಗೆ ತಂತಿ ಬಿಗಿದಿದೆ, ಮುಟ್ಟಬೇಡ;
ನಮ್ಮ ನೀರಿಗೆ ಇದನ್ನು ಬಿಡುವಂತಿಲ್ಲ, ಬಿಡಲೂ ಬಾರದು,
ಹಾಕಿದ್ದನ್ನೆಲ್ಲ ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಳ್ಳುವ ಕಡಲು ಇದು.
ನಲವತ್ತು ಲೀಟರಿನ ತೊಟ್ಟಿ: ಇಬ್ಬರಿಗೆ ಮೂರು ದಿನ,
ನೆಂಟರು ಬಂದರೆ ಒಂದೂವರೆ.
ನಾಗು ಬಂದರಿನಲ್ಲಿ ಹೀರುವ ಪಂಪಿದೆ, ಶನಿವಾರ ಸಾಲು.

ತಿಂಗಳಿಗೊಂದು ಚಮಚ ಅಡುಗೆ ಎಣ್ಣೆ, ಪಂಪಿನ ಗಂಟಲಿಗೆ.
ವಿನೆಗರ್ ರಾತ್ರಿಯೆಲ್ಲ ನಿಲ್ಲಲಿ.
ಸೆಪ್ಟೆಂಬರಿನಲ್ಲಿ ಕೊಳವೆ ಬಿಚ್ಚಿ ಬಂಡೆಗೆ ಬಡಿ, ಕಂಬಳಿ ಒಗೆದಂತೆ,
ಒಳಗೆ ಕಟ್ಟಿದ ಸುಣ್ಣ ಚೂರುಚೂರಾಗಿ ಉದುರುತ್ತದೆ.
ಬಿಸಿನೀರಲ್ಲದ್ದಿದ ಬಟ್ಟೆ ಸುತ್ತಿ, ಆರಿದ ಮೇಲೆ ಮೂಸು;
ಬಟ್ಟೆ ನಾರಿದರೆ ಕೊಳವೆಯ ಆಯುಸ್ಸು ಮುಗಿಯಿತು.
ಮೂಸಲು ಹೇಸುವವನು ಹಡಗಿನ ಟಿಕೆಟ್ ಕೊಳ್ಳಲಿ.

ಇಲ್ಲಿ ಒಳಗೆ, ಬಾತುಕೋಳಿಯ ಕೊಕ್ಕಿನಂಥ ರಬ್ಬರು,
ಹೆಬ್ಬೆರಳಷ್ಟು. ಹೋದದ್ದು ಮರಳದಂತೆ ಕಾಯುವುದು ಅದೊಂದೇ.
ಊತೊ ದ್ವೀಪದಾಚೆ, ಗಾಳಿ ಹುಚ್ಚೆದ್ದ ರಾತ್ರಿ,
ನಾದಿನಿ ಮೈಲಿಸ್ ಒದ್ದೆ ಟಿಶ್ಯೂ ಹಾಕಿ
ಏನೂ ತಿಳಿಯದವಳಂತೆ ಮಲಗಿದಳು.
ಮದುವೆಗೆ ನಿಂತೇ ಕೇಳಿದ್ದ ಸ್ತೂರೆ
ಇಲ್ಲಿ ಮಂಡಿಯೂರಿದ, ಬಾಯಲ್ಲಿ ಟಾರ್ಚು,
ಮೊಣಕೈವರೆಗೆ... ಬಿಡು.
ದೋಣಿ ಎದ್ದು ಬಿದ್ದಾಗಲೆಲ್ಲ ಹಣೆ ಗೋಡೆಗೆ ಚಚ್ಚಿಕೊಳ್ಳುತ್ತ
ಬೆಳಗಿನ ನಾಲ್ಕಕ್ಕೆ ಕೊಕ್ಕು ಬದಲಿಸಿದ.
ನಾನು ಮೇಲೆ ಚುಕ್ಕಾಣಿ ಹಿಡಿದು ನಗುತ್ತಿದ್ದೆ, ಹೆದರಿಕೆಗೆ.
ತಂಗಿಯ ಹತ್ತಿರ ಅವನು ಇವತ್ತಿಗೂ ಆ ಮಾತೆತ್ತಿಲ್ಲ.

ಈಗ ಅವನ ಎರಡೂ ಮಂಡಿ ಲೋಹದ್ದು.
ಅಲ್ಲಿ ಕಾರಿನಲ್ಲಿ ಕೂತು ಪೇಪರಿನ ಅದೇ ಪುಟ ಓದುತ್ತಿದ್ದಾನಲ್ಲ, ಅವನೇ.
ನನ್ನವು ಸ್ವಂತದವು, ಆದರೂ ಬಗ್ಗವು.
ಹಾಯಿ ಇನ್ನೂ ಎತ್ತಬಲ್ಲೆವು.
ಇಲ್ಲಿ ಮಂಡಿಯೂರುವವರು ನಮ್ಮಲ್ಲಿ ಯಾರೂ ಉಳಿದಿಲ್ಲ.

ಮುಖ ಯಾಕೆ ಹಾಗೆ ಮಾಡಿಕೊಂಡೆ? ಹೋಗು, ಹೋಗು.
ಆಮೇಲೆ ಪಂಪು ಇಪ್ಪತ್ತು ಸಲ, ಒಂದೂ ಕಡಿಮೆಯಿಲ್ಲ.
ನಾನು ಮೇಲೆ ಕೂತು ಎಣಿಸುತ್ತಿರುತ್ತೇನೆ.
ಹದಿನೇಳಕ್ಕೆ ನಿಲ್ಲಿಸುವವರಿಗೆ
ತಾರ್ನವನ್ನು ಕೊಡುವುದಿಲ್ಲ.